ಹುಮನಾಬಾದಿಗೆ ರೈಲು ತಂದವನು ನಾನು

ಹುಮನಾಬಾದಿಗೆ ಮೊದಲು ರೈಲು ತಂದವನು ನಾನು. ಈ ಮಾತು ಯಾವ ಇತಿಹಾಸದಲ್ಲೂ ದಾಖಲಾಗಿಲ್ಲ, ಆಗುವುದೂ ಬೇಡ. ಏಕೆಂದರೆ ಆ ರೈಲು ಬಂದದ್ದು ಬಸ್ಸಿನಲ್ಲಿ. ಒಂದು ರಟ್ಟಿನ ಪೆಟ್ಟಿಗೆಯೊಳಗೆ, ಒಣಹುಲ್ಲಿನಲ್ಲಿ ಮುಖ ಹುದುಗಿಸಿಕೊಂಡು ಬಂತು. ಉದ್ದ ಒಂದು ಗೇಣಿಗಿಂತ ತುಸು ಹೆಚ್ಚು.

ಅದು ನಿಜಾಮರ ಕಾಲ. ಬೀದರಿಗೆ ರೈಲು ಬಂದ ಹೊಸತು. ನಮ್ಮೂರಿಗೆ ಬರಲಿಲ್ಲ. ಬರದಿದ್ದರೇನು, ರೈಲಿನ ವಿಷಯದಲ್ಲಿ ಈ ಸೀಮೆಯಲ್ಲಿ ಇಬ್ಬರು ಮಹಾ ಪಂಡಿತರಿದ್ದೆವು. ಒಬ್ಬ ನಾನು, ಹುಮನಾಬಾದಿನ ಶಾಲೆಯ ಮಾಸ್ತರ. ಇನ್ನೊಬ್ಬ ಖಾಜಾಮಿಯಾ, ಕಲ್ಯಾಣಿಯಲ್ಲಿ, ಅಂದರೆ ಈಗಿನ ಬಸವಕಲ್ಯಾಣದಲ್ಲಿ, ಗಡಿಯಾರ ರಿಪೇರಿ ಮಾಡುವವನು. ನಾನು ರೈಲು ಹತ್ತಿದ್ದೆ, ಎಂಜಿನ್ನಿನ ಹತ್ತಿರ ಹೋಗಿರಲಿಲ್ಲ. ಅವನು ಎಂಜಿನ್ನನ್ನು ಮುಟ್ಟಿ ನೋಡಿದ್ದ, ರೈಲು ಹತ್ತಿರಲಿಲ್ಲ. ಇಬ್ಬರನ್ನೂ ಕೂಡಿಸಿದರೆ ಒಬ್ಬ ಪೂರ್ತಿ ಪ್ರಯಾಣಿಕ ಆಗುತ್ತಿದ್ದ.

ನಮ್ಮ ಹುಚ್ಚು ಆಟಿಕೆ ರೈಲಿನದು. ಆಟಿಕೆ ಎಂದರೆ ಖಾಜಾಮಿಯಾನಿಗೆ ಸಿಟ್ಟು ಬರುತ್ತಿತ್ತು.

"ಆಟಿಗಿ ಅನಬ್ಯಾಡ್ರಿ ಮಾಸ್ತರ್ ಸಾಬ್. ಒಳಗ ನೀರು ಕುದಿತದ, ಉಗಿ ಬರ್ತದ, ಗಾಲಿ ತಿರಗ್ತದ. ರೈಲಿಗಿ ಇನ್ನೇನ್ ಬೇಕ್ರಿ?"

ಮುಂಬಯಿಯ ಒಂದು ಅಂಗಡಿ ವರ್ಷಕ್ಕೊಮ್ಮೆ ಚಿತ್ರದ ಪುಸ್ತಕ ಕಳಿಸುತ್ತಿತ್ತು. ಆ ವರ್ಷ ಅದರಲ್ಲಿ ಹೊಸ ಎಂಜಿನ್ನಿನ ಕಪ್ಪುಬಿಳುಪು ಚಿತ್ರ ಬಂತು. ಹಿತ್ತಾಳೆಯ ಬಾಯ್ಲರ್, ಕೆಳಗೆ ಸ್ಪಿರಿಟ್ ದೀಪ, ನಿಜವಾದ ಉಗಿ. ಮುಂದಿನ ತಿಂಗಳು ಬರುತ್ತದೆ ಎಂದಿದ್ದರು. ಮುಂದಿನ ತಿಂಗಳು ಕೇಳಿದರೆ, ಹಡಗಿನಲ್ಲಿದೆ ಎಂದರು. ಅದರ ಮುಂದಿನ ತಿಂಗಳೂ ಹಡಗಿನಲ್ಲೇ ಇತ್ತು. ಬಾರದ ಎಂಜಿನ್ನಿನ ಗಾಲಿಯ ಬಣ್ಣ ಕೆಂಪೋ ಕಪ್ಪೋ ಎಂದು ನಾವಿಬ್ಬರೂ ಜಗಳವಾಡಿ ಮಾತು ಬಿಟ್ಟೆವು. ಇಬ್ಬರೂ ನೋಡಿರಲಿಲ್ಲ, ಹಾಗಾಗಿ ಇಬ್ಬರೂ ಸೋಲಲು ಸಾಧ್ಯವಿರಲಿಲ್ಲ.

ಈ ಹಡಗು ಸಮುದ್ರದಲ್ಲಿ ತೇಲುತ್ತಿರುವಾಗಲೇ ನನ್ನ ಹೆಂಡತಿ ಗುರಮ್ಮ ಬಸುರಿಯಾದಳು. ಇದಕ್ಕೆ ಮೊದಲು ಎರಡು ಸಲ ಬಸಿರು ನಿಂತು, ಉಳಿಯದೆ ಹೋಗಿತ್ತು. ಅದಕ್ಕೇ ಈ ಸಲ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದೆವು, ಮೆಲ್ಲಗೆ ನಡೆಯುತ್ತಿದ್ದೆವು. ಸೂಲಗಿತ್ತಿ ಬಂದು ನೋಡಿ, ಬಂಡಿ ಬೇಡ, ಬಸ್ಸು ಬೇಡ, ಬಿಂದಿಗೆಯನ್ನೂ ಎತ್ತಬೇಡ ಎಂದು ಹೇಳಿ ಹೋದಳು. ನಮ್ಮತ್ತೆ ದುಬಲಗುಂಡಿಯಿಂದ ಗಂಟು ಮೂಟೆ ಕಟ್ಟಿಕೊಂಡು ಬಂದು ನಮ್ಮಲ್ಲೇ ನಿಂತರು.

ಏಳನೆಯ ತಿಂಗಳಿಗೆ ಅತ್ತೆ ಮಗಳನ್ನು ಕೂಡಿಸಿಕೊಂಡು ಕೇಳಿದರು. "ನಿನ್ನ ಬಯಕಿ ಏನದ ಹೇಳವ್ವಾ. ಹುಣಸಿಕಾಯಿ ಬೇಕೇನು? ಹೋಳಗಿ ಮಾಡ್ಲೇನು?"

ಗುರಮ್ಮ, "ನನಗ ರೈಲು ಕೂಗೋದು ಕೇಳಬೇಕಂತ ಆಗ್ಯದ" ಎಂದಳು.

ಅತ್ತೆ ಮಗಳನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನೋಡುವಂಥದ್ದೇ. ಊಟಕ್ಕೆ ಕೂತಾಗಲೆಲ್ಲ ನಾನು ಪಿಸ್ಟನ್ನಿನ ವಿಷಯ ಹೇಳುವುದು, ಅವಳು ಪುಂಡಿಪಲ್ಯ ಬಡಿಸುತ್ತ ಕೇಳುವುದು. ಆರು ವರ್ಷ ಹೀಗೆ ಕಿವಿ ತುಂಬಿಸಿದರೆ ಹೊಟ್ಟೆಯಲ್ಲಿ ಹುಣಸೆಕಾಯಿಯ ಬಯಕೆ ಎಲ್ಲಿಂದ ಹುಟ್ಟಬೇಕು?

"ಬಯಕಿ ತೀರಲಿಲ್ಲಂದ್ರ ಕೂಸಿಗಿ ತ್ರಾಸ ಆಗ್ತದ ಅಳಿಯಾರ," ಎಂದರು ಅತ್ತೆ. "ಬೀದರಿಗಿ ಕರ್ಕೊಂಡು ಹೋಗಂಗಿಲ್ಲ. ಏನ್ ಮಾಡ್ತೀರಿ?"

"ಅತ್ತಿ, ಆಕಿ ರೈಲಿನ ಕಡೀ ಹೋಗೋದು ಬ್ಯಾಡ. ರೈಲೇ ಆಕಿ ಕಡೀ ಬರ್ತದ," ಎಂದೆ. ಹೇಳುವಾಗ ಎದೆ ಉಬ್ಬಿತ್ತು. ಶಾಲೆಯಲ್ಲಿ ಬಯಕೆ ಗಿಯಕೆ ಎಲ್ಲ ಮೂಢನಂಬಿಕೆ ಎಂದು ಪಾಠ ಮಾಡುವ ಮಾಸ್ತರ ನಾನೇ. ಆದರೆ ಎರಡು ಸಲ ಕೈ ಸುಟ್ಟುಕೊಂಡವನಿಗೆ ಮೂರನೆಯ ಸಲ ವಿಜ್ಞಾನದ ಧೈರ್ಯ ಇರುವುದಿಲ್ಲ.

ಆ ಪುಣ್ಯಾತ್ಮ ಎಂಜಿನ್ನು ಕೊನೆಗೂ ಬಂತು. ಪೆಟ್ಟಿಗೆ ಬಿಚ್ಚಿದೆವು. ಹಸಿರು ಮೈ, ಹಿತ್ತಾಳೆಯ ಪಟ್ಟಿ, ವರನ ಹಾಗೆ ಫಳಫಳ ಹೊಳೆಯುತ್ತಿತ್ತು. ಗಾಲಿಯ ಬಣ್ಣ ಕೆಂಪೂ ಅಲ್ಲ, ಕಪ್ಪೂ ಅಲ್ಲ, ಹಸಿರು. ಸೋಲು ಗೆಲುವಿಲ್ಲದೆ ಇಬ್ಬರಲ್ಲೂ ರಾಜಿಯಾಯಿತು. ಆದರೆ ಎಲ್ಲ ಕಡೆ ತಿರುಗಿಸಿ ನೋಡಿದರೂ ಒಂದು ವಸ್ತು ಮಾತ್ರ ಕಾಣಲಿಲ್ಲ. ಸೀಟಿ. ನಮ್ಮ ರೈಲು ಮೂಕ.

"ಫಿಕರ್ ಮಾಡಬ್ಯಾಡ್ರಿ," ಎಂದ ಖಾಜಾಮಿಯಾ. "ನಾವೇ ಕೂಡಸೋಣು."

ಬಾಯ್ಲರಿಗೆ ತೂತು ಕೊರೆದೆವು. ಅವನು ಹಿತ್ತಾಳೆಯ ಸಣ್ಣ ನಳಿಕೆಯಿಂದ ಸೀಟಿ ಮಾಡಿ, ಪಾತ್ರೆಗೆ ಕಲಾಯಿ ಹಾಕುವ ತವರವನ್ನೇ ಕರಗಿಸಿ ಬೆಸೆದ. ತವರ ಬೇಗ ಕರಗುತ್ತದೆ, ಅದು ಇಬ್ಬರಿಗೂ ಗೊತ್ತಿತ್ತು. ಆದರೆ ಒಳಗೆ ನೀರು ಇರುವವರೆಗೆ ಬಾಯ್ಲರ್ ಅಷ್ಟು ಕಾಯುವುದಿಲ್ಲ, ಬೆಸುಗೆ ನಿಲ್ಲುತ್ತದೆ. ಅದೂ ಇಬ್ಬರಿಗೂ ಗೊತ್ತಿತ್ತು. ನಮಗೆ ಗೊತ್ತಿಲ್ಲದೆ ಇದ್ದದ್ದು ಹೆಣ್ಣುಮಕ್ಕಳ ಆರತಿ ಹಾಡು ಎಷ್ಟು ಉದ್ದ ಇರುತ್ತದೆ ಎಂಬುದೊಂದೇ.

ಕುಬಸದ, ಅಂದರೆ ಸೀಮಂತದ, ದಿನವೇ ರೈಲು ಓಡಿಸುವುದೆಂದು ಅತ್ತೆ ಗೊತ್ತುಮಾಡಿದರು. ಬಯಕೆ ಶಾಸ್ತ್ರೋಕ್ತವಾಗಿ ತೀರಬೇಕಲ್ಲ. ಗುರಮ್ಮ ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಳು. ಐವರು ಮುತ್ತೈದೆಯರು ಬಂದರು. ನಾನು ಅವಳ ಮುಂದೆ ತಗಡಿನ ಹಳಿಗಳನ್ನು ದುಂಡಗೆ ಜೋಡಿಸಿ, ಎಂಜಿನ್ನಿಗೆ ನೀರು ತುಂಬಿ, ಆಸ್ಪತ್ರೆಯ ಕಂಪೌಂಡರ ಕೊಟ್ಟ ಸ್ಪಿರಿಟ್ ಹಾಕಿ ದೀಪ ಹಚ್ಚಿದೆ. ಬಸಿಯಲ್ಲಿ ಚಹಾ ಕುಡಿದು ಮುಗಿಸುವುದರೊಳಗೆ ಉಗಿ ತುಂಬುತ್ತದೆ, ಸೀಟಿಯ ಸನ್ನೆಕೋಲು ಒತ್ತಿದರೆ ಕೂಗುತ್ತದೆ, ಹೆಂಡತಿ ನಗುತ್ತಾಳೆ. ಲೆಕ್ಕಾಚಾರ ಪಕ್ಕಾ ಇತ್ತು.

ಅತ್ತೆ ದೀಪ ನೋಡಿದರು. ಕೈ ಮುಗಿದರು. "ದೀಪ ಹಚ್ಯಾರ. ಮೊದಲ ಇದಕ್ಕ ಆರತಿ ಆಗಲಿ."

ಎಂಜಿನ್ನಿಗೆ ಅರಿಸಿನ ಬಿತ್ತು. ಕುಂಕುಮ ಬಿತ್ತು. ಎಸೆದ ಅಕ್ಷತೆಯಲ್ಲಿ ಅರ್ಧ ಹೊಗೆಕೊಳವೆಯೊಳಗೆ ಇಳಿಯಿತು. ಮೊದಲನೆಯ ಮುತ್ತೈದೆ ಹಾಡು ತೆಗೆದಳು. ಅದು ಮುಗಿಯಿತು ಎನ್ನುವಷ್ಟರಲ್ಲಿ ಎರಡನೆಯವಳಿಗೆ ಅದಕ್ಕಿಂತ ಉದ್ದದ್ದು ನೆನಪಾಯಿತು. ಬಾಯ್ಲರ್ ಕುದಿಯತೊಡಗಿತು. ಮೂರನೆಯವಳು ಶಿವ ಪಾರ್ವತಿಯರ ಮದುವೆಯನ್ನು ನಿಶ್ಚಿತಾರ್ಥದಿಂದ ಶುರುಮಾಡಿದಳು. ಬಾಗಿಲ ಹೊರಗೆ ನಿಂತಿದ್ದ ಖಾಜಾಮಿಯಾ ಕಣ್ಣಲ್ಲೇ ನನಗೆ ಸನ್ನೆ ಮಾಡಿದ. ನೀರು ಮುಗಿಯುತ್ತಿದೆ, ದೀಪ ಆರಿಸು ಎಂದು.

ನಾನು ಬಗ್ಗಿ ಊದಲು ಹೋದೆ.

"ಏನ್ ಮಾಡ್ತೀರಿ ಅಳಿಯಾರ?" ಅತ್ತೆ ನನ್ನ ರಟ್ಟೆ ಹಿಡಿದರು. "ಬಸುರಿ ಹೆಣಮಗಳ ಮುಂದ ಹಚ್ಚಿದ್ ದೀಪ ಆರಸ್ತಾರೇನ್ರಿ ಯಾರಾದ್ರೂ?"

"ಅತ್ತಿ, ಅದು ದೀಪ ಅಲ್ರಿ, ಎಂಜಿನ್ನಿನ ಒಲಿ."

"ಬೆಂಕಿ ಹೌದೋ ಅಲ್ಲೋ? ಸುಮ್ಮ ಕೂಡ್ರಿ."

ಸುಮ್ಮನೆ ಕೂತೆ. ಊದಿ ಆರಿಸಿದರೆ, ಮುಂದೆ ಏನಾದರೂ ಆದಾಗ ಅದರ ದೂರು ನನ್ನ ತಲೆಗೆ ಬರುತ್ತದೆಂಬ ಹೆದರಿಕೆ ನನಗೂ ಇತ್ತು. ನಾಲ್ಕನೆಯ ಹಾಡಿನಲ್ಲಿ ಬಾಯ್ಲರಿನ ಸದ್ದು ನಿಂತಿತು. ಐದನೆಯ ಹಾಡಿನಲ್ಲಿ ಸೀಟಿ ಮೆಲ್ಲಗೆ ಒಂದು ಕಡೆ ವಾಲಿತು. ನೋಡನೋಡುತ್ತ ತವರ ಹನಿಹನಿಯಾಗಿ ಇಳಿಯಿತು, ಸೀಟಿ ಕಳಚಿ ಹಳಿಯ ಮೇಲೆ ಬಿತ್ತು. ಎಂಜಿನ್ನಿನ ತಲೆಯಿಂದ ಸುಟ್ಟ ಅಕ್ಕಿಯ ವಾಸನೆ ಬಂತು. ಆರತಿ ಅದೇ ಹೊತ್ತಿಗೆ ಮುಗಿಯಿತು.

"ಮುಗೀತೇನ್ರಿ? ರೈಲು ಅಂದ್ರ ಇಷ್ಟೇನು?" ಎಂದು ಒಬ್ಬಳು ಕೇಳಿದಳು.

ಹಿರಿಯ ಮುತ್ತೈದೆಗೆ ಕನಿಕರ ಬಂತು. "ಮುಂಬೈದಿಂದ ಬಂದದ, ಪಾಪ. ದಣದಿರ್ಬೇಕು."

ಗುರಮ್ಮ ಮೊದಲು ಸೆರಗು ಬಾಯಿಗೆ ಇಟ್ಟುಕೊಂಡಳು. ಆಮೇಲೆ ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವತನಕ ನಕ್ಕಳು. ಅತ್ತೆ, "ಸಾವಕಾಶ ನಗವ್ವಾ, ಸಾವಕಾಶ" ಎನ್ನುತ್ತ ಬೆನ್ನು ಸವರಿದರು. ನನಗೆ ಮಾನ ಹೋದ ದುಃಖ. ಆರು ವರ್ಷದಲ್ಲಿ ಅವಳು ಹಾಗೆ ನಕ್ಕದ್ದು ಅದೇ ಮೊದಲು ಎಂಬುದು ಕೂಡ ಆಗ ನನಗೆ ಹೊಳೆಯಲಿಲ್ಲ.

ಸಂಜೆ ಅವಳೇ ಹೇಳಿದಳು. "ಕಲ್ಯಾಣಿಗಿ ಒಯ್ದು ಗಟ್ಟಿ ಮಾಡಿಸ್ಕೊಂಡು ಬರ್ರಿ. ಕೂಗೋದು ಕೇಳ್ದೇ ನಾ ಬಿಡಾಂಗಿಲ್ಲ."

ಸೂಲಗಿತ್ತಿಯನ್ನು ಕೇಳಿದೆ. ಇನ್ನೂ ಬಹಳ ದಿನ ಇದೆ, ಹೋಗಿ ಬನ್ನಿ ಎಂದಳು. ಎಂಜಿನ್ನನ್ನು ಪಂಚೆಯಲ್ಲಿ ಸುತ್ತಿಕೊಂಡು, ಖಾಜಾಮಿಯಾನ ಜೊತೆ ಬಸ್ಸು ಹತ್ತಿದೆ.

ಈ ಸಲ ತವರ ಬೇಡವೆಂದು, ಕಲ್ಯಾಣಿಯ ಅಕ್ಕಸಾಲಿಗನ ಕುಲುಮೆಯಲ್ಲಿ ಬೆಳ್ಳಿ ಬೆರೆಸಿ ಬೆಸುಗೆ ಹಾಕಿಸಿದೆವು. ಬಾಯ್ಲರ್ ಒಣಗಿ ಕೆಂಪಾದರೂ ಬಿಡದಂಥ ಬೆಸುಗೆ. ನೀರು ತುಂಬಿ ಖಾಜಾಮಿಯಾನ ಅಂಗಡಿಯಲ್ಲೇ ಒಮ್ಮೆ ನಡೆಸಿದೆವು. ಕೂಗಿತು. ಅವನು ನನ್ನನ್ನು ಅಪ್ಪಿಕೊಂಡ. ಅಂದೇ ಬಸ್ಸು ಹತ್ತಬಹುದಿತ್ತು. ಆದರೆ ಪಂಡಿತರಿಗೆ ಅಷ್ಟಕ್ಕೆ ತೃಪ್ತಿಯೇ? ಬೀದರಿನ ರೈಲು ಕಪ್ಪಗಿರುತ್ತದೆ, ಇದು ಗಿಳಿಯ ಹಾಗೆ ಹಸಿರಾಗಿದ್ದರೆ ಬಯಕೆ ತೀರಿದಂತಾಗುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ಎಬ್ಬಿಸಿದವನು ನಾನೇ. ಕಪ್ಪು ಬಣ್ಣ ಹಚ್ಚಿದೆವು. ಬಣ್ಣ ಒಣಗಲಿ ಎಂದು ಅಲ್ಲೇ ಉಳಿದೆ.

ಮರುದಿನ ಬಸ್ಸಿನಲ್ಲಿ ಎಂಜಿನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ದಾರಿಯಲ್ಲಿ ಹುಮನಾಬಾದಿನಿಂದ ಕಲ್ಯಾಣಿಗೆ ಹೋಗುವ ಬಸ್ಸು ಎದುರಾಯಿತು. ಅದರ ಡ್ರೈವರ ನನ್ನನ್ನು ನೋಡಿ ಏನೋ ಕೈ ಮಾಡಿದ. ನಾನು ಖುಷಿಯಿಂದ ಎಂಜಿನ್ನನ್ನು ಕಿಟಕಿಗೆ ಎತ್ತಿ ತೋರಿಸಿದೆ. ನನಗೆ ಹೇಳಬೇಕಾದ ಸುದ್ದಿ ಅವನ ಹತ್ತಿರ ಇತ್ತಂತೆ.

ಮನೆಯ ಕಟ್ಟೆಯ ಮೇಲೆ ಅತ್ತೆ ಕೂತಿದ್ದರು. ನನ್ನನ್ನು ನೋಡಿ ಏಳಲಿಲ್ಲ. "ಹೆಣ್ಣಾಗಿತ್ತರೀ," ಎಂದರು ಅಷ್ಟೇ. ದಿನ ತುಂಬದೆ, ಬೆಳಗಿನ ಜಾವ ಹುಟ್ಟಿ, ಬಿಸಿಲೇರುವ ಹೊತ್ತಿಗೆ ಹೋಗಿತ್ತು. ಓಣಿಯವರು ಮಣ್ಣು ಮಾಡಿ ಬಂದು, ಕೈಕಾಲು ತೊಳೆದುಕೊಂಡು ಅವರವರ ಮನೆಗೆ ಹೋಗಿಯೂ ಆಗಿತ್ತು. ಕಂಕುಳಲ್ಲಿ ರೈಲು ಇಟ್ಟುಕೊಂಡು ನಾನು ಬಾಗಿಲಲ್ಲಿ ನಿಂತಿದ್ದೆ. ಬಹಳ ದುಃಖವಾಯಿತು. ಆ ದುಃಖದಲ್ಲೂ, ಇದನ್ನು ಎಲ್ಲಿ ಇಡಲಿ, ಬಣ್ಣ ಹತ್ತೀತು ಎಂಬ ಯೋಚನೆ ಬಂತು. ಮನುಷ್ಯನ ತಲೆ ಹೀಗೂ ಇರುತ್ತದೆ.

ಬಯಕೆ ತೀರದ್ದಕ್ಕೇ ಹೀಗಾಯಿತು ಎಂದು ಓಣಿಯವರು ಅಂದುಕೊಂಡಿರಬೇಕು. ಅತ್ತೆ ಮಾತ್ರ ಒಂದು ದಿನವೂ ಹಾಗೆ ಅನ್ನಲಿಲ್ಲ. ದೀಪ ಆರಿಸಲು ಬಿಡಲಿಲ್ಲವೆಂದು ನಾನೂ ಅನ್ನಲಿಲ್ಲ. ಎಂಜಿನ್ನು ಜೋಳದ ಚೀಲದ ಹಿಂದೆ ಕೂತಿತು. ಖಾಜಾಮಿಯಾ ಬಂದು, ಅಂಗಳದಲ್ಲಿ ಅರ್ಧ ದಿನ ಕೂತು ಹೋದ.

ಹಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಗುರಮ್ಮ ಮಂಚದ ಮೇಲೆ ಎದ್ದು ಕೂತು ಕೇಳಿದಳು. "ಈಗ ಅದು ಕೂಗ್ತದೇನ್ರಿ?"

"ಕೂಗ್ತದ."

"ನಡಸ್ರಿ ನೋಡೂಣು."

"ಯಾಕ ಬೇಕವ್ವಾ ಈಗ ಅದೆಲ್ಲ," ಎಂದರು ಅತ್ತೆ. ಆದರೆ ತಾವೇ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದುಕೊಟ್ಟರು.

ಹಳಿ ಜೋಡಿಸಿದೆ. ದೀಪ ಹಚ್ಚಿದೆ. ಎಂಜಿನ್ನು ತಣ್ಣಗೆ, ಯಾವ ತಕರಾರೂ ಇಲ್ಲದೆ ಸುತ್ತತೊಡಗಿತು. ಅದು ನನ್ನ ಹತ್ತಿರ ಬಂದಾಗ ಹಿಡಿದು ಸನ್ನೆಕೋಲು ಒತ್ತಿದೆ. ಕೂಗಿತು. ಗುರಮ್ಮ ತಲೆ ಓರೆ ಮಾಡಿ ಕೇಳಿದಳು.

"ಸಣ್ಣ ದನಿ ಅದರಿ," ಎಂದಳು. "ಆಕೀದೂ ಹಿಂಗ ಇತ್ತು. ಇಷ್ಟ ದನಿ. ನೀವ್ ಕೇಳಲಿಲ್ಲ ನೋಡ್ರಿ."

ಆಗ ನಾನು ಅವಳ ಕೈ ಹಿಡಿಯಬೇಕಿತ್ತು. ಏನೂ ಇಲ್ಲದಿದ್ದರೆ ಅಳಬೇಕಿತ್ತು. ಯಾವ ಮೂರ್ಖನಿಗಾದರೂ ಅಷ್ಟು ತಿಳಿಯುತ್ತದೆ. ನಾನು ಮೂರ್ಖನಲ್ಲ, ಪಂಡಿತ. ಗಂಟಲು ಸರಿಮಾಡಿಕೊಂಡು ನಾನು ಹೇಳಿದ್ದು ಇದು.

"ಸೀಟಿ ಬಾಯಿ ಸಣ್ಣದಾಗ್ಯದ. ಖಾಜಾಮಿಯಾಗ ಹೇಳಿ ದೊಡ್ಡದು ಮಾಡಸ್ತೀನಿ."

ಗುರಮ್ಮ ನನ್ನನ್ನು ನೋಡಿದಳು.

"ಬ್ಯಾಡ್ರಿ," ಎಂದಳು. "ಇಷ್ಟ ಇರಲಿ. ಇನ್ನೊಮ್ಮಿ ಕೂಗಸ್ರಿ."

ಕೂಗಿಸಿದೆ. ಈ ಸಲ ಬಾಯಿ ಮುಚ್ಚಿಕೊಂಡು ಕೂಗಿಸಿದೆ.