ಹನ್ನೊಂದು ನಾಗಂದಿಗೆ

ಇಷ್ಟಕ್ಕೆಲ್ಲ ಮೂಲ ನರೇಶ ಕಳಿಸಿದ ಒಂದು ವಾಯ್ಸ್ ಮೆಸೇಜು. ಭಾನುವಾರ ಬೆಳಿಗ್ಗೆ ಲಕ್ಷ್ಮಿಕಾಂತ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಅದನ್ನು ಕೇಳಿಸಿಕೊಂಡ.

"ಲಕ್ಷ್ಮಿ, ಇವತ್ತಿನ ಪದಬಂಧ ನೋಡಿದ್ಯಾ? ನಿಂಗಲ್ಲ ಬಿಡು ಮಗಾ ಅದು. ಬಾಡಿಗೆ ರೂಮಲ್ಲಿ ಇರೋರಿಗೆ ಬಗೆಹರಿಯೋದಲ್ಲ. ಸುಮ್ನೆ ಸಿನಿಮಾ ಪುಟ ಓದ್ಕೊಂಡು ಮಲಕ್ಕೊ."

ಮಾತೆಂದರೆ ಇದು! ಇಂದಿರಾನಗರದ ಬಟ್ಟೆ ಅಂಗಡಿಯಲ್ಲಿ ವಾರವೆಲ್ಲ ಬಿಲ್ ಹಾಕುವ ಲಕ್ಷ್ಮಿಕಾಂತನಿಗೆ ಮಾಲೀಕ ಬೈದರೂ ಸಿಟ್ಟು ಬರುವುದಿಲ್ಲ, ಗಿರಾಕಿ ಬೈದರೂ ಬರುವುದಿಲ್ಲ. ಪದಬಂಧದ ವಿಷಯಕ್ಕೆ ಮಾತ್ರ ಯಾರೂ ಬರಕೂಡದು. ಅವನು, ವಿಮಾನಪುರದ ಕ್ವಾರ್ಟರ್ಸಿನ ನರೇಶ, ಶಿವಾಜಿನಗರದಲ್ಲಿ ಸೋಫಾ ಹೊಲಿಯುವ ಶಫಿ, ಹೀಗೆ ನಾಲ್ಕಾರು ಜನ ಹುಚ್ಚರು ಸೇರಿ 'ಹಲಸೂರು ಪದಬಂಧ ಬಳಗ' ಅಂತ ಒಂದು ಕಟ್ಟಿಕೊಂಡಿದ್ದರು. ಭಾನುವಾರದ ಗೂಢ ಪದಬಂಧವನ್ನು ಮೊದಲು ಮುಗಿಸಿದವನನ್ನು ಉಳಿದವರು ವಾರ ಪೂರ್ತಿ 'ಗುರುಗಳೇ' ಎಂದು ಕರೆಯಬೇಕು. ಆ ಪಟ್ಟದ ಮೇಲೆ ನರೇಶ ಎಷ್ಟೋ ವಾರಗಳಿಂದ ಕಾಲು ಚಾಚಿ ಕೂತಿದ್ದ.

ಲಕ್ಷ್ಮಿಕಾಂತ ಬಾಯಿ ಮುಕ್ಕಳಿಸಿ ಉಗಿದು ಉತ್ತರ ಕಳಿಸಿದ. "ಸಂಜೆ ಒಳಗೆ ಮುಗಿಸಿ ನಿನ್ನ ಬಾಯಲ್ಲಿ ಗುರುಗಳೇ ಅನ್ನಿಸ್ಲಿಲ್ಲ ಅಂದ್ರೆ ನಾನು ಪೆನ್ಸಿಲ್ಲೇ ಮುಟ್ಟಲ್ಲ, ತಿಳ್ಕೊ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ರೇವತಿಯ ಕೈ ನಿಂತಿತು.

"ಮತ್ತ ಶುರು ಮಾಡಿದ್ರೇನ್ರೀ? ಲಿಂಗರಾಜಪುರದಾಗ ಇದನ್ನ ಬಿಡಿಸ್ಕೋತ ಕುಂತು ಮೋಟರ್ ಬಂದ್ ಮಾಡೋದು ಮರೆತ್ರಿ. ಓನರ್ ದೇವರ ಮನಿತನ ನೀರು ಹೋತು, ನಾವು ರಸ್ತೆಕ್ಕ ಬಂದ್ವಿ. ಮಗಳು ಕಾವೇರೀದು ಸಾಲಿ ಇಲ್ಲೇ ಹತ್ತರ ಐತಿ. ಈ ರೂಮೂ ಹೋತಂದ್ರ ನಾನು ಅಕಿನ್ನ ಕರ್ಕೊಂಡು ಮಾನ್ವಿಗೆ ತವರಿಗೆ ಹೊಂಟೆ ನೋಡ್ರಿ. ನೀವು ಆ ಚೌಕದಾಗ ಸಂಸಾರ ಮಾಡ್ಕೊಂಡಿರ್ರಿ."

"ರೂಮಿಗೂ ಪದಬಂಧಕ್ಕೂ ಏನ್ ಸಂಬಂಧನೇ?" ಎಂದು ಲಕ್ಷ್ಮಿಕಾಂತ ಪೇಪರು ಬಿಡಿಸಿದ.

ಪದಬಂಧದ ತಲೆಯ ಮೇಲೆ ಒಂದು ಸಾಲು ಅಚ್ಚಾಗಿತ್ತು: 'ಎಡದಿಂದ ಬಲಕ್ಕೆ ಬರುವ ಉತ್ತರಗಳೆಲ್ಲ ಒಂದೇ ಸಂಸಾರದವು. ಯಾವ ಸಂಸಾರವೆಂದು ನೀವೇ ಹುಡುಕಿ.' ಹುಡುಕಿ ಹುಡುಕಿ ತಲೆ ಕಾದು ಹಂಚಾಯಿತು. ಒಂಬತ್ತನೆಯದೊಂದು ಸಿಕ್ಕಿತು. 'ಮದುಮಗಳು ದಾಟಲೇಬೇಕು, ಸಾಲಗಾರ ದಾಟಲೇಬಾರದು': ಹೊಸ್ತಿಲು. ಆಮೇಲೆ ಗಾಡಿ ಮುಂದಕ್ಕೆ ಹೋಗಲಿಲ್ಲ. ಮರ್ಯಾದೆ ಬದಿಗಿಟ್ಟು ಶಫಿಗೆ ಫೋನು ಹಚ್ಚಿದ.

"'ಹಸುವಿನ ಕಣ್ಣಲ್ಲಿ ಮನೆಗೆ ಬೆಳಕು.' ಏನಿದು ಶಫಿ ಭಾಯ್?"

"ಅರೆ, ಸುಲಭ ಐತಲ್ಲಾ! ಹಸುಗೆ ಗವ, ಕಣ್ಣಿಗೆ ಅಕ್ಷಿ. ಗವಾಕ್ಷಿ! ಗೋಡೆ ಮೇಲ್ಗಡೆ ಇರೋ ಚಿಕ್ಕ ಕಿಟಕಿ. ಹೊಸ್ತಿಲು, ಗವಾಕ್ಷಿ... ಎಲ್ಲಾ ಹಳೇ ಮನೆ ಸಾಮಾನು ಭಾಯ್. ಯಾವ್ದಾದ್ರೂ ಹಳೇ ಮನೆ ಮುಂದೆ ಹೋಗಿ ನಿಂತ್ಕೊ, ಉತ್ತರ ತಾನೇ ಉದುರ್ತದೆ."

ಹಳೇ ಮನೆಗೇನು ಬರ! ಹಲಸೂರಿನಿಂದ ಮರ್ಫಿ ಟೌನಿಗೆ ತಿರುಗುವ ಗಲ್ಲಿಯಲ್ಲಿ ಮುಂದೆ ಓನರ್ ಮುನಿನಾರಾಯಣಪ್ಪನ ತಾತನ ಕಾಲದ ಹೆಂಚಿನ ಮನೆ, ಹಿಂದೆ ಲಕ್ಷ್ಮಿಕಾಂತನಂಥವರ ಬಾಡಿಗೆ ರೂಮುಗಳ ಸಾಲು. ಆ ಜಾಗಕ್ಕಾಗಿ ಮುನಿನಾರಾಯಣಪ್ಪನಿಗೂ ಕೆ.ಆರ್. ಪುರದಲ್ಲಿರುವ ತಮ್ಮ ಪಿಳ್ಳಪ್ಪನಿಗೂ ವರ್ಷಗಟ್ಟಲೆಯಿಂದ ಕೋರ್ಟಿನಲ್ಲಿ ಪಾಲಿನ ಕೇಸು. ತೀರ್ಮಾನ ಆಗುವವರೆಗೆ ಒಂದು ಹೆಂಚನ್ನೂ ಅಲ್ಲಾಡಿಸುವಂತಿಲ್ಲ. ಅಣ್ಣ ತಮ್ಮ ಮುಖ ಕೊಟ್ಟು ಮಾತಾಡಿ ಯಾವ ಕಾಲವಾಯಿತೋ. ತಾಯಿ ಚಿಕ್ಕಮುನಿಯಮ್ಮ ಮಾತ್ರ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಲಿಯ ಮೇಲೆ ಕಾವಲು ಕೂತಿರುತ್ತಿದ್ದಳು.

ಪೇಪರು, ಪೆನ್ಸಿಲ್ಲು ಹಿಡಿದು ಬಂದ ಲಕ್ಷ್ಮಿಕಾಂತ ಕೇಳಿದ್ದೇ ತಡ, ಅಜ್ಜಿಗೆ ಹಿಗ್ಗೋ ಹಿಗ್ಗು. ಬಾಗಿಲು ತೆಗೆದು ಒಳಗೇ ಕರೆದಳು.

"ಕಂಬದ ತಲೆ ಮೇಲೆ ಹೂವಿನಂಗೆ ಕೆತ್ತವ್ರಲ್ಲಾ, ಅದು ಬೋದಿಗೆ ಕಣಪ್ಪಾ. ನಮ್ಮ ಮಾವ ಮಾಲೂರಿಂದ ಆಚಾರ್ರನ್ನ ಕರ್ಸಿ ಮಾಡ್ಸಿದ್ದು. ಅಗೋ ಅಲ್ಲಿ ಎತ್ತರದಾಗೆ ಹಲಗೆ ಐತಲ್ಲಾ, ಉಪ್ಪಿನಕಾಯಿ ಜಾಡಿ ಇಡೋದು, ಅದು ನಾಗಂದಿಗೆ."

"ನಾಗಂದಿಗೆ! ನಾಲ್ಕು ಚೌಕ! ಅಜ್ಜಿ, ನೂರು ವರ್ಷ ಬಾಳು!" ಲಕ್ಷ್ಮಿಕಾಂತ ಗೋಡೆಗೆ ಪೇಪರು ಒತ್ತಿ ಹಿಡಿದು ಬರೆದೇ ಬರೆದ.

ಇದನ್ನು ನಲ್ಲಿಯ ಹತ್ತಿರದಿಂದ ಪಕ್ಕದ ರೂಮಿನ ಹುಸೇನಪ್ಪ ನೋಡಿದ. ಯಾದಗಿರಿಯ ಹುಸೇನಪ್ಪ ಮನುಷ್ಯ ಒಳ್ಳೆಯವನೇ, ಆದರೆ ಕಂಡದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ಅವನಿಗೆ ಊಟ ಸೇರುವುದಿಲ್ಲ. ಅವನಿಗೆ ಅಣ್ಣನೂ ಒಂದೇ, ತಮ್ಮನೂ ಒಂದೇ. ಎದುರಿನ ಮಹಡಿ ಮನೆಯಲ್ಲಿದ್ದ ಅಣ್ಣನಿಗೆ ಹೋಗಿ ಹೇಳಿದ, ಕೆ.ಆರ್. ಪುರದ ತಮ್ಮನಿಗೆ ಫೋನಿನಲ್ಲಿ ಹೇಳಿದ. "ಲಕ್ಷ್ಮಿಕಾಂತ ಮನಿಯಾಗಿನ ಸಾಮಾನೆಲ್ಲಾ ನಂಬರ್ ಹಾಕಿ ಬರ್ಕೊಳ್ಳಾಕತ್ತಾನ್ರಿ ಸಾಹೇಬ್ರ. ಕೋರ್ಟಿನವ್ರು ಬರ್ಕೋತಾರಲ್ರಿ, ಹಂಗ."

ಮುನಿನಾರಾಯಣಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಬಂದವನೇ ಪೇಪರು ಕಿತ್ತುಕೊಂಡ. ಕನ್ನಡಕ ಮೂಗಿನ ತುದಿಗೆ ಎಳೆದು ಓದತೊಡಗಿದ.

"ಮೂರು... ಬೋದಿಗೆ. ಒಂಬತ್ತು... ಹೊಸ್ತಿಲು. ಹನ್ನೊಂದು ನಾಗಂದಿಗೆ!" ಅವನ ದನಿ ಸೂರಿಗೆ ಮುಟ್ಟಿತು. "ಹನ್ನೊಂದು ನಾಗಂದಿಗೆ ಎಲ್ಲೈತಯ್ಯಾ ಈ ಮನೇಲಿ? ಇರೋದೇ ಒಂದು! ಉಳಿದ ಹತ್ತನ್ನ ನಾನು ಮಾರ್ಕೊಂಡು ತಿಂದೆ ಅಂತ ಬರ್ಕೊಡೋಕೆ ಪಿಳ್ಳಪ್ಪ ಹೇಳವ್ನಾ? ನನ್ನ ರೂಮಲ್ಲೇ ಇದ್ಕೊಂಡು ನನ್ನ ಮೇಲೇ ಸಾಕ್ಷಿನಾ?"

"ಅಯ್ಯೋ ಸರ್, ಅದು ಸುಳಿವಿನ ನಂಬರ್ರು! ಪದಬಂಧ ಸರ್ ಇದು!"

"ಪದಾನೂ ಇಲ್ಲ, ಬಂಧಾನೂ ಇಲ್ಲ. ಇವತ್ತೇ ರೂಮ್ ಖಾಲಿ ಮಾಡು!"

ರೂಮಿನ ಬಾಗಿಲಲ್ಲಿ ರೇವತಿ ಹಿಟ್ಟಿನ ಕೈಯಲ್ಲೇ ನಿಂತು ಕೇಳಿಸಿಕೊಂಡಳು. ಕೈ ಕೊಡವಿ ಸರ್ರನೆ ಒಳಗೆ ಹೋದಳು. ಅದನ್ನು ಕಂಡು ಲಕ್ಷ್ಮಿಕಾಂತನಿಗೆ ಹೆಚ್ಚು ಭಯವಾಯಿತು. ಆದರೆ ಹೆದರಿ ಕೈಕಟ್ಟಿ ನಿಲ್ಲುವ ದಿನವಲ್ಲ ಅದು. ನರೇಶನ ದನಿ ಇನ್ನೂ ಕಿವಿಯಲ್ಲಿ ಕುಟುಕುತ್ತಿತ್ತು. ಬಾಡಿಗೆ ರೂಮಿನವನಂತೆ!

"ಖಾಲಿ ಮಾಡಲ್ಲ ಸರ್. ತಪ್ಪೇ ಮಾಡಿಲ್ಲ ನಾನು, ಯಾಕ್ ಮಾಡ್ಲಿ? ಮೊದ್ಲು ನನ್ನ ಪೇಪರ್ ಕೊಡಿ. ಸಾಕ್ಷಿ ಬೇಕು ತಾನೇ? ನಮ್ಮ ಬಳಗದೋರನ್ನೇ ಕರೆಸ್ತೀನಿ."

ಬಳಗದವರು ಬಂದರು. ಬಂದು ಉರಿಯುವ ಬೆಂಕಿಗೆ ತುಪ್ಪ ಸುರಿದರು. ಸೋಫಾ ಹೊಲಿಯುವ ಶಫಿಗೆ ಮರ ಕಂಡರೆ ಕೈ ಸುಮ್ಮನಿರುವುದಿಲ್ಲ. ಒಳಗೆ ಕಾಲಿಟ್ಟವನೇ ಕಂಬವನ್ನು ಟಕಟಕ ಕುಟ್ಟಿ, "ಕ್ಯಾ ಲಕ್ಡೀ ಹೈ! ಇಂಥ ತೇಗ ಈಗ ಎಲ್ಲಿ ಸಿಗ್ತದೆ ಸಾಬ್" ಎಂದ. ನರೇಶ ಪದಬಂಧದ ಆಸೆಗೆ ತೊಲೆ, ಜಂತಿ, ಬಾಗಿಲುವಾಡ ಎಲ್ಲದರ ಫೋಟೋ ಹೊಡೆಯತೊಡಗಿದ. ಸರಿಯಾಗಿ ಅದೇ ಹೊತ್ತಿಗೆ ಪಿಳ್ಳಪ್ಪನ ಕಾರು ಗಲ್ಲಿಯ ಬಾಯಿಗೆ ಬಂದು ಸಿಕ್ಕಿಕೊಂಡಿತು.

"ಓಹೋ! ಮರದ ವ್ಯಾಪಾರಿನ ಕರೆಸಿ ರೇಟ್ ಕಟ್ಸ್ತಾ ಇದ್ದೀಯಾ?" ಎನ್ನುತ್ತ ಪಿಳ್ಳಪ್ಪ ನುಗ್ಗಿದ. "ಕೇಸ್ ಇನ್ನೂ ನಡೀತಾ ಇರೋವಾಗ?"

"ನೀನು ಕಳ್ಸಿದ ಜನಾನೇ ಅಲ್ವೇನೋ ಇವ್ರು? ತಗೋ, ನೀನು ಬರೆಸಿದ್ದನ್ನ ನೀನೇ ನೋಡ್ಕೊ!" ಎಂದು ಅಣ್ಣ ಪೇಪರನ್ನು ತಮ್ಮನ ಮುಖಕ್ಕೆ ಹಿಡಿದ.

ಪಿಳ್ಳಪ್ಪ ಓದಿದ. ಅವನ ಕಣ್ಣು ದೊಡ್ಡವಾದವು. "ಹನ್ನೊಂದು ನಾಗಂದಿಗೆ ಇತ್ತಾ ಈ ಮನೇಲಿ? ಅಣ್ಣಾ! ಉಳಿದ ಹತ್ತು ಎಲ್ಲಿ?"

ಆಮೇಲಿನದ್ದನ್ನು ಹೇಳಬಾರದು. ಹೆಗಲ ಮೇಲಿನ ಟವಲ್ಲು ಸೊಂಟಕ್ಕೆ ಇಳಿಯಿತು, ಸೊಂಟದ ಪಂಚೆ ಇನ್ನೂ ಮೇಲಕ್ಕೆ ಏರಿತು. ಕೊನೆಗೆ ನರೇಶನೇ ಧೈರ್ಯ ಮಾಡಿ ನಡುವೆ ನುಗ್ಗಿ ತನ್ನ ಪೇಪರು ತೆಗೆದು ತೋರಿಸಿದ. "ಸಾರ್, ಸಾರ್, ಇಲ್ನೋಡಿ! ನನ್ನ ಪೇಪರಲ್ಲೂ ಇದೇ ನಂಬರ್ರು. ಊರಿಗೆಲ್ಲಾ ಇದೇ ಬಂದಿರೋದು!"

ಪೇಪರು ಏನೋ ಅದೇ. ಆದರೆ ಅದರಲ್ಲಿ ಚೌಕಗಳೆಲ್ಲ ಬೆಳ್ಳಗೆ ಹಲ್ಲು ಕಿರಿಯುತ್ತಿದ್ದವು. ಲಕ್ಷ್ಮಿಕಾಂತ ಬಗ್ಗಿ ನೋಡಿದ.

"ಒಂದೂ ತುಂಬಿಲ್ಲವಲ್ಲೋ ನರೇಶ! ಬೆಳಿಗ್ಗೆ ಅದೇನು ಮಾತಾಡ್ದೆ?"

ನರೇಶ ಕೆಮ್ಮಿದ. ಬೆಳಗಿನಿಂದ ಮೊದಲ ಸಲ ಲಕ್ಷ್ಮಿಕಾಂತನ ಎದೆ ಉಬ್ಬಿತು.

ಪಿಳ್ಳಪ್ಪ ಎರಡೂ ಪೇಪರು ಪಕ್ಕಪಕ್ಕ ಹಿಡಿದು ನೋಡಿದ. ಸಿಟ್ಟು ಇಳಿಯಿತೋ ಇಲ್ಲವೋ, ಕುತೂಹಲ ಏರಿತು. "ಇದೊಂದು ಖಾಲಿ ಬಿಟ್ಟಿದ್ದೀಯಲ್ಲಯ್ಯಾ? ಹದಿನೇಳು. 'ಹಗಲೆಲ್ಲ ಗೋಡೆಯೊಳಗೆ ನಿದ್ದೆ, ರಾತ್ರಿಯೆಲ್ಲ ಬಾಗಿಲಿಗೆ ಕಾವಲು.'"

"ನಾಯಿ," ಎಂದ ಮುನಿನಾರಾಯಣಪ್ಪ.

"ಗೋಡೆ ಒಳಗೆ ನಾಯಿ ಮಲಗ್ತದಾ? ಹಲ್ಲಿ ಇರ್ಬೇಕು."

"ಹಲ್ಲಿ ಕಾವಲು ಕಾಯ್ತದೇನೋ, ಬುದ್ಧಿಯಿಲ್ದೋನೆ?"

"ಮೂರು ಚೌಕ ಸರ್, ಎರಡಲ್ಲ," ಎಂದ ಲಕ್ಷ್ಮಿಕಾಂತ. ಅವನ ಪ್ರಾಣವೆಲ್ಲ ಆ ಮೂರು ಚೌಕದಲ್ಲಿತ್ತು. ನರೇಶನೂ ಪೆನ್ನು ತೆಗೆದು ಕದ್ದು ಕದ್ದು ಯೋಚಿಸುತ್ತಿದ್ದ.

ಜಗಲಿಯಿಂದ ಅಜ್ಜಿ ನಕ್ಕಳು. "ಥೂ ನಿಮ್ಮ! ಚಿಕ್ಕೋರಿದ್ದಾಗ ದಿನಾ ಸಂಜೆ ಅದಕ್ಕೇ ಅಲ್ವೇನ್ರೋ ಹೊಡೆದಾಡ್ತಿದ್ದಿದ್ದು, ನಾನು ಹಾಕ್ತೀನಿ ತಾನು ಹಾಕ್ತೀನಿ ಅಂತ?"

ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಿದರು. "ಅಗುಳಿ!" ಎಂದು ಇಬ್ಬರೂ ಒಟ್ಟಿಗೇ ಕೂಗಿದರು.

ಹೆಬ್ಬಾಗಿಲ ಪಕ್ಕದ ಗೋಡೆಯ ತೂತಿಗೆ ಇಬ್ಬರೂ ಕೈ ಹಾಕಿ ಎಳೆದರು. ಗಟ್ಟಿ ಮರದ ಅಡ್ಡಪಟ್ಟಿ ಕಿರ್ರೆಂದು ಹೊರಗೆ ಬಂದು ಬಾಗಿಲಿಗೆ ಅಡ್ಡಲಾಗಿ ನಿಂತಿತು.

"ಅವತ್ತು ಕೋಳಿಸಾರು ಮುಗಿಯೋವರ್ಗೂ ಇದನ್ನ ಹಾಕಿ ನನ್ನ ಆಚೆ ನಿಲ್ಲಿಸ್ದೋನು ನೀನು," ಎಂದ ಪಿಳ್ಳಪ್ಪ.

"ಕಾಲು ತುಂಡು ಎತ್ತಿಟ್ಟಿದ್ದೆ ಕಣೋ ನಿಂಗೆ. ಬೆಕ್ಕು ತಿಂತು. ಹೇಳೋಣ ಅಂದ್ರೆ ನೀನು ಮಾತು ಬಿಟ್ಟಿದ್ದೆ." ಮುನಿನಾರಾಯಣಪ್ಪ ಅಗುಳಿಯ ಮೇಲಿನ ಧೂಳನ್ನು ಟವಲ್ಲಿನಿಂದ ಒರೆಸಿದ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಸೇನಪ್ಪ ಇದನ್ನು ಯಾರಿಗೆ ಹೇಳುವುದೆಂದು ತಿಳಿಯದೆ ಚಡಪಡಿಸಿದ.

ಲಕ್ಷ್ಮಿಕಾಂತನಿಗೆ ಅಳುವುದಕ್ಕೆಲ್ಲ ಪುರುಸೊತ್ತಿರಲಿಲ್ಲ. ಮೂರು ಅಕ್ಷರ ತುಂಬಿ, ಫೋಟೋ ತೆಗೆದು, ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ. ಆಮೇಲೆ ನರೇಶನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಹೇಳಪ್ಪಾ."

"...ಗುರುಗಳೇ," ಎಂದ ನರೇಶ, ಕಹಿ ಗುಳಿಗೆ ನುಂಗಿದವನ ಹಾಗೆ.

"ಜೋರಾಗಿ. ಬಾಡಿಗೆ ರೂಮಿನ ತನಕ ಕೇಳಿಸ್ಲಿ."

ಆ ಮಧ್ಯಾಹ್ನ ಮುನಿನಾರಾಯಣಪ್ಪನ ಮನೆಯಲ್ಲಿ ಎಲ್ಲರಿಗೂ ಊಟ. ಮುದ್ದೆ, ಕೋಳಿಸಾರು. ಲಕ್ಷ್ಮಿಕಾಂತನನ್ನು ಅಣ್ಣ ತಮ್ಮನ ನಡುವೆ ಕೂರಿಸಿ ಇಬ್ಬರೂ ಪೈಪೋಟಿಯ ಮೇಲೆ ಬಡಿಸಿದರು. ರೇವತಿಯ ಮುಖದಲ್ಲೂ ನಗು ಕಂಡಿತು. ರೂಮು ಉಳಿಯಿತು, ಗುರುವಿನ ಪಟ್ಟವೂ ಬಂತು. ಬದುಕಿನಲ್ಲಿ ಇನ್ನೇನು ಬೇಕು ಎಂದುಕೊಂಡು ಲಕ್ಷ್ಮಿಕಾಂತ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ.

ಕೈ ತೊಳೆದು ಹಳೇ ಮನೆಯ ಜಗಲಿಗೆ ಬಂದಾಗ ಅಣ್ಣ ತಮ್ಮ ಹೆಗಲಿಗೆ ಹೆಗಲು ತಾಗಿಸಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು.

"ಬಾಪ್ಪಾ ಲಕ್ಷ್ಮಿಕಾಂತ," ಎಂದು ಮುನಿನಾರಾಯಣಪ್ಪ ಅವನ ಬಾಯಿಗೂ ಒಂದು ಹೋಳು ಅಡಿಕೆ ಹಾಕಿದ. "ನಮ್ಮಿಬ್ಬರನ್ನ ಒಂದ್ ಮಾಡಿದ ಪುಣ್ಯಾತ್ಮ ನೀನು. ನಾಳೇನೇ ಕೇಸ್ ವಾಪಸ್ ತಗೊಂತಾ ಇದ್ದೀವಿ."

"ಬಹಳ ಒಳ್ಳೇದಾಯ್ತು ಸರ್."

"ಕೇಸ್ ಇತ್ತು ಅಂತ ಇಷ್ಟು ವರ್ಷ ಇಲ್ಲಿ ಒಂದು ಗೋಡೆ ಒಡೆಯೋಂಗಿರ್ಲಿಲ್ಲ," ಎಂದ ಪಿಳ್ಳಪ್ಪ ಹಿಗ್ಗಿನಿಂದ. "ಬಿಲ್ಡರ್ ಕಾಯ್ತಾ ಕೂತವ್ನೆ. ಈ ಮನೆ, ಹಿಂದಿನ ರೂಮ್ಗಳು, ಎಲ್ಲಾ ಕೆಡವಿ ಅಪಾರ್ಟ್‌ಮೆಂಟ್ ಎತ್ತಿಸ್ಬಿಡ್ತೀವಿ. ತಿಂಗಳ ಕೊನೆಗೆ ಖಾಲಿ ಮಾಡ್ಕೊಡಪ್ಪಾ. ಭೂಮಿಪೂಜೆಗೆ ಮಾತ್ರ ನೀನು ಬರ್ಲೇಬೇಕು."

ಲಕ್ಷ್ಮಿಕಾಂತನ ಬಾಯಲ್ಲಿದ್ದ ಅಡಿಕೆ ಹಾಗೇ ನಿಂತಿತು. ಹಿಂದೆ ರೇವತಿ ನಿಂತಿದ್ದಾಳೆಂದು ತಿರುಗಿ ನೋಡದೆಯೂ ಅವನಿಗೆ ಗೊತ್ತಾಯಿತು. ಬೆಳಗಿನ ಸಿಟ್ಟೆಲ್ಲ ಒಂದೇ ಏಟಿಗೆ ನೆತ್ತಿಗೇರಿತು.

"ಖಾಲಿ ಮಾಡಲ್ಲ! ನನ್ನ ಮಗಳ ಸ್ಕೂಲ್ ಇಲ್ಲೇ ಇದೆ. ಏನ್ ಮಾಡ್ಕೊಂತೀರೋ ಮಾಡ್ಕೊಳ್ಳಿ. ನಾನೂ ಕೋರ್ಟಿಗೆ ಹೋಗ್ತೀನಿ!"

ಅಣ್ಣ ತಮ್ಮ ಕೊಂಚವೂ ಬೇಸರ ಮಾಡಿಕೊಳ್ಳಲಿಲ್ಲ. ಇಬ್ಬರೂ ಒಂದೇ ಸಲ ಜೇಬಿಗೆ ಕೈ ಹಾಕಿ, ಇಬ್ಬರೂ ಒಂದೊಂದು ವಿಸಿಟಿಂಗ್ ಕಾರ್ಡು ತೆಗೆದು ಅವನ ಮುಂದೆ ಚಾಚಿದರು.

"ಧಾರಾಳವಾಗಿ ಹೋಗಪ್ಪಾ," ಎಂದ ಮುನಿನಾರಾಯಣಪ್ಪ. "ನಮ್ಮಿಬ್ಬರ ಲಾಯರೂ ನಾಳೆಯಿಂದ ಖಾಲಿ ಕೂತಿರ್ತಾರೆ."

ಲಕ್ಷ್ಮಿಕಾಂತ ಹಟಕ್ಕೆ ಎರಡೂ ಕಾರ್ಡು ಇಸಿದುಕೊಂಡ. ಹಿಂದಿನಿಂದ ರೇವತಿಯ ದನಿ ಬಂತು. "ಆ ಕಾರ್ಡು ಆಮ್ಯಾಲ ನೋಡ್ರಂತ. ಮೊದ್ಲ ಒಳಗ ಬಂದು ಅಟ್ಟದ ಮ್ಯಾಲಿನ ಟ್ರಂಕು ಇಳಸ್ರಿ."