ನಿಂಬೆಹಣ್ಣು ದಾಟಿದ ಕಾರು

ಮದುವೆಯಾಗಿ ಇಷ್ಟು ವರ್ಷಗಳಾದ ಮೇಲೆ ಗಂಡನ ವಿಷಯದಲ್ಲಿ ಹೊಸದಾಗಿ ತಿಳಿಯುವಂಥದ್ದು ಏನೂ ಉಳಿದಿರುವುದಿಲ್ಲ ಎಂದು ನಂಬಿಕೊಂಡಿದ್ದೆ. ಇವರ ಕಾಫಿಗೆ ಸಕ್ಕರೆ ಎಷ್ಟು, ಯಾವ ಮಾತಿಗೆ ಕೋಪ ಬರುತ್ತದೆ, ಸೋಫಾದಲ್ಲಿ ಕೂತ ಎಷ್ಟು ಹೊತ್ತಿಗೆ ಗೊರಕೆ ಶುರುವಾಗುತ್ತದೆ, ಎಲ್ಲ ನನಗೆ ಬಾಯಿಪಾಠ. ಅಂಥ ನನ್ನ ಮನೆಯ ಮುಂದೆ ಒಂದು ಶನಿವಾರ ಮಧ್ಯಾಹ್ನ ಟೋ ಟ್ರಕ್ಕೊಂದು ಬಂದು ನಿಂತಿತು. ಡ್ರೈವರನ ಪಕ್ಕದಲ್ಲಿ, ಮದುವೆ ದಿಬ್ಬಣದಲ್ಲಿ ಮುಂದಿನ ಸೀಟು ಸಿಕ್ಕಿದವರ ಹಾಗೆ ನಗುತ್ತ ನಮ್ಮವರು ಕೂತಿದ್ದರು. ಬೆನ್ನ ಹಿಂದೆ ಟ್ರಕ್ಕಿನ ಮೇಲೆ ಒಂದು ಕಾರಿನ ಅಸ್ಥಿಪಂಜರ.

ನಾವಿರುವುದು ಬ್ರಿಸ್ಬೇನಿನಿಂದ ಪಶ್ಚಿಮಕ್ಕಿರುವ ಇಪ್ಸ್‌ವಿಚ್‌ನಲ್ಲಿ. ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಇವರು ಸರಕು ಸಾಗಿಸುವ ಕಂಪನಿಯಲ್ಲಿ ಯಾವ ಲಾರಿ ಎಲ್ಲಿಗೆ ಹೋಗಬೇಕೆಂದು ಕಂಪ್ಯೂಟರಿನಲ್ಲಿ ನೋಡಿ ಹೇಳುತ್ತಾರೆ. ವಾಹನಗಳೊಂದಿಗೆ ಇವರ ನಂಟು ಅಷ್ಟೇ. ಮೈಸೂರಿನಲ್ಲಿದ್ದಾಗ ಸ್ಕೂಟರ್ ಕೆಟ್ಟು ನಿಂತರೆ ಅದನ್ನು ಒಂದು ಕಡೆಗೆ ವಾಲಿಸಿ, ನೆಟ್ಟಗೆ ಮಾಡಿ, ಮತ್ತೊಮ್ಮೆ ಕಿಕ್ ಹೊಡೆಯುತ್ತಿದ್ದರು. ಅದಕ್ಕೂ ಜಗ್ಗದಿದ್ದರೆ ನನ್ನನ್ನು ಇಳಿಯಲು ಹೇಳುತ್ತಿದ್ದರು. ಇವರ ಮೆಕ್ಯಾನಿಕ್ ವಿದ್ಯೆ ಅಲ್ಲಿಗೆ ಮುಗಿಯುತ್ತಿತ್ತು.

ಆ ಶನಿವಾರ ಇವರು ಹೋಗಿದ್ದು ಸೆಕೆಂಡ್ ಹ್ಯಾಂಡ್ ಊಟದ ಮೇಜು ನೋಡಲು. ಊರಾಚೆಯ ಯಾವುದೋ ಫಾರ್ಮಿನಲ್ಲಿ ಮೇಜು ಆಗಲೇ ಬೇರೆಯವರ ಪಾಲಾಗಿತ್ತು. ಬರಿಗೈಯಲ್ಲಿ ಹಿಂದಿರುಗುವಾಗ, ಕುಸಿದ ಶೆಡ್ಡಿನ ತಗಡಿನ ಕೆಳಗೆ ಎದೆಯೆತ್ತರದ ಹುಲ್ಲಿನ ನಡುವೆ ಒಂದು ಉದ್ದ ಮೂತಿ ಕಂಡಿತಂತೆ.

"ಸುಮಾ, ಇದು ಮಸಲ್ ಕಾರ್ ಕಣೇ! ವೀ-ಏಯ್ಟ್ ಎಂಜಿನ್. ಇಂಥದ್ದು ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು ಉಳಿದಿದೆ, ಗೊತ್ತಾ?" ಎಂದರು.

"ಯಾಕೆ ಉಳಿದಿಲ್ಲ ಅಂತ ನೋಡಿದ್ರೇ ಗೊತ್ತಾಗುತ್ತಲ್ಲ ರೀ" ಎಂದೆ.

ಕಾರಿನ ಹೆಸರು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ನಿಮ್ಮ ಮನೆಯ ಗಂಡಸರೂ ಶೆಡ್ಡು ಹುಡುಕಿಕೊಂಡು ಹೊರಟುಬಿಟ್ಟಾರು. ಭಾರೀ ಎಂಜಿನ್ನಿನ ಹಳೇ ಕಾಲದ ಕಾರಿಗೆ ಮಸಲ್ ಕಾರ್ ಎನ್ನುತ್ತಾರಂತೆ, ಮಸಲ್ ಅಂದರೆ ಮಾಂಸಖಂಡ. ನಮ್ಮ ಪಾಲಿಗೆ ಬಂದಿದ್ದು ಬರೀ ಮೂಳೆ. ನೆಲದ ತಗಡು ತೂತಾಗಿ ಹುಲ್ಲು ಒಳಗೇ ಬೆಳೆದಿತ್ತು, ಹಿಂದಿನ ಸೀಟಿನಲ್ಲಿ ಯಾವುದೋ ಪ್ರಾಣಿ ಬಾಣಂತನ ಮುಗಿಸಿಕೊಂಡು ಹೋಗಿತ್ತು. ಮಗಳು ಅನಿಕಾ ಹೊರಗೆ ಬಂದು ಒಂದು ಸುತ್ತು ಹಾಕಿ, "ಅಪ್ಪಾ, ಇಟ್ಸ್ ಅ ಪಾಟ್ ಪ್ಲಾಂಟ್" ಎಂದು ಕಾರನ್ನು ಕುಂಡದ ಗಿಡ ಮಾಡಿ ಒಳಗೆ ಹೋದಳು.

ಅಂದಿನಿಂದ ನಮ್ಮ ಭಾನುವಾರಗಳು ಕಾರಿಗೆ ಮೀಸಲಾದವು. ಊರಿನ ಕನ್ನಡದ ಗಂಡಸರೆಲ್ಲ ಬಂದು, ಬಾನೆಟ್ ಎತ್ತಿ, ಬಾವಿಗೆ ಬಿದ್ದ ಬಿಂದಿಗೆಯನ್ನು ನೋಡುವವರಂತೆ ಸುತ್ತ ಬಗ್ಗಿ ನಿಲ್ಲುತ್ತಿದ್ದರು. ಅಡಿಲೇಡಿನ ಕಿಲ್ಬರ್ನ್‌ನಿಂದ ಒಬ್ಬರು, ಪರ್ತಿನ ಎಲೆನ್‌ಬ್ರೂಕ್‌ನಿಂದ ಇನ್ನೊಬ್ಬರು ವಿಡಿಯೋ ಕಾಲಿನಲ್ಲಿ ಬಗ್ಗುತ್ತಿದ್ದರು. ಎಲ್ಲರೂ "ಹೂಂ" ಎನ್ನುತ್ತಿದ್ದರು. ಯಾರೂ ಸ್ಪ್ಯಾನರ್ ಮುಟ್ಟಿದ್ದು ನಾನು ಕಾಣೆ. ನಾನು ಮಾತ್ರ ಕಾಫಿ ಹಿಡಿದು ಹೋದಾಗಲೆಲ್ಲ, "ತಿಥಿ ಯಾವತ್ತು ಇಟ್ಕೊಂಡಿದ್ದೀರಿ?" ಎಂದು ವಿಚಾರಿಸಿ ಬರುತ್ತಿದ್ದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಮನೆಯಲ್ಲಿ ಓಡುವ ಕಾರಿದ್ದರೂ ಇವರಿಗೆ ಓಡದ ಕಾರಿಗೇ ಪೂಜೆಯಾಗಬೇಕು. ಟೈರುಗಳಿಗೆ ಹೇಗೋ ಗಾಳಿ ತುಂಬಿಸಿದರು. ಎದುರು ಮನೆಯ ಮೌರೀನ್ ಆಂಟಿ ಒಂಟಿಯಾಗಿರುವ ಮುದುಕಿ, ನಮ್ಮ ಹಬ್ಬಗಳೆಂದರೆ ಪ್ರೀತಿ. ತಮ್ಮ ಗಿಡದ ನಿಂಬೆಹಣ್ಣು ಕಿತ್ತು ಕೊಟ್ಟರು. ತುಕ್ಕಿನ ಮೇಲೆ ಕುಂಕುಮ ಹಚ್ಚಿದರೆ ಎಲ್ಲಿ ಹಚ್ಚಿದೆವೆಂದೇ ಕಾಣುವುದಿಲ್ಲ. ಹಾಗಾಗಿ ಅರಿಶಿನವನ್ನೇ ಧಾರಾಳವಾಗಿ ಬಳಿದೆ. ಮಂಗಳಾರತಿಯಾಯಿತು. ಇನ್ನು ಚಕ್ರದ ಕೆಳಗಿನ ನಿಂಬೆಹಣ್ಣು ಒಡೆಯಬೇಕು, ಎಂಜಿನ್ನಿಗೋ ಜೀವವಿಲ್ಲ.

"ನಾವು ಹಿಂದಿನಿಂದ ತಳ್ತೀವಿ. ನೀನು ಕೂತ್ಕೊಂಡು ಸ್ಟಿಯರಿಂಗ್ ಹಿಡ್ಕೋ, ಸಾಕು" ಎಂದರು ಇವರು.

"ಬ್ರೇಕು?"

"ಹ್ಯಾಂಡ್‌ಬ್ರೇಕ್ ಇದೆಯಲ್ಲ."

ನಮ್ಮ ಮನೆ ದಿಣ್ಣೆಯ ಮೇಲಿದೆ. ಕಾರಿನ ಮೂತಿ ರಸ್ತೆಯ ಕಡೆಗಿತ್ತು. ಇವರೂ ಇಬ್ಬರು ಸ್ನೇಹಿತರೂ ಉತ್ಸಾಹದಿಂದ ನೂಕಿದರು. ನಿಂಬೆಹಣ್ಣು ಪಚಕ್ಕೆಂದಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಕಾರು ನಿಲ್ಲಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದೆ. ಅದು ಬೇರುಸಹಿತ ನನ್ನ ಕೈಗೆ ಬಂತು. ಹಿಂದಿನಿಂದ "ಸುಮಾ, ನಿಲ್ಸೇ!" ಎಂಬ ಕೂಗು. ಯಾವುದರಿಂದ ನಿಲ್ಲಿಸಲಿ?

ಪುಣ್ಯಕ್ಕೆ ರಸ್ತೆ ಖಾಲಿಯಿತ್ತು. ಆ ಉದ್ದ ಮೂತಿ ಇಳಿಜಾರಿನಲ್ಲಿ ತಲೆಯೆತ್ತಿ ಸಾಗಿತು. ಮುರಿದ ಕಿಟಕಿಯಿಂದ ಗಾಳಿ ನುಗ್ಗಿ ಮುಡಿದ ಹೂವು ಹಾರಿತು. ನಾನು ಗಟ್ಟಿಯಾಗಿ ಕಿರುಚಿದೆ. ರಸ್ತೆ ದಾಟಿ, ಮೌರೀನ್ ಆಂಟಿಯ ಹುಲ್ಲುಹಾಸು ಹತ್ತಿ, ಅವರ ದಾಸವಾಳದ ಬೇಲಿಯೊಳಗೆ ಕಾರು ಮೆತ್ತಗೆ ಮುಖ ಹುದುಗಿಸಿ ನಿಂತಿತು.

ಆಂಟಿ ಬಾಗಿಲು ತೆರೆದು, ಬೇಲಿಯನ್ನೊಮ್ಮೆ, ನನ್ನ ರೇಷ್ಮೆ ಸೀರೆಯನ್ನೊಮ್ಮೆ ನೋಡಿ, "ಲವ್ಲಿ ಪಾರ್ಕಿಂಗ್, ಡಾರ್ಲಿಂಗ್. ಟೀ ಮಾಡಲಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಇವರು ಓಡಿ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ನನ್ನ ಕೈ ಹಿಡಿದು, "ನಿಂಗೇನಾದ್ರೂ ಆಗಿದ್ರೆ? ಬೇಡ, ಈ ದರಿದ್ರ ಕಾರು ನಮಗೆ ಬೇಡ್ವೇ ಬೇಡ" ಎಂದರು. ಅಂದೇ ಸಂಜೆ ಮಾರಾಟಕ್ಕಿದೆಯೆಂದು ಆನ್‌ಲೈನಿನಲ್ಲಿ ಹಾಕಿದರು. ಮುಂದಿನ ವಾರವೇ ಬ್ರಿಸ್ಬೇನಿನಿಂದ ಒಬ್ಬ ಬಂದ. ಸುತ್ತ ನೋಡಿ, ತಟ್ಟಿ, ಬೇಕಾದ ಭಾಗಗಳನ್ನು ಬಿಚ್ಚಿಕೊಂಡು ಮಿಕ್ಕಿದ್ದನ್ನು ಗುಜರಿಗೆ ಹಾಕುತ್ತೇನೆ ಎಂದ. ಇವರು ನೆಲ ನೋಡುತ್ತ ಆಗಲಿ ಎಂದು ತಲೆಯಾಡಿಸಿದರು.

"ಸಾರಿ, ನಾಟ್ ಫಾರ್ ಸೇಲ್" ಎಂದಿತು ಒಂದು ದನಿ. ಯಾರದೆಂದು ನೋಡಿದರೆ ನನ್ನದೇ.

ಬಂದವನು ಗೊಣಗುತ್ತ ಹೋದ. ಇವರ ಕಣ್ಣಲ್ಲಿ ನೀರು. "ನನಗೋಸ್ಕರ ಅಷ್ಟು ಹೆದರಿಕೇನೂ ನುಂಗ್ಕೊಂಡ್ಯಲ್ಲೇ" ಎಂದರು. ಈಗ ಈ ತ್ಯಾಗದ ಸುದ್ದಿ ಕಿಲ್ಬರ್ನ್ ಮತ್ತು ಎಲೆನ್‌ಬ್ರೂಕ್‌ವರೆಗೆ ಹಬ್ಬಿದೆ. ಹೆಂಡತಿಯೆಂದರೆ ಸುಮಾ ಥರ ಇರಬೇಕು ಎಂದು ಆ ಮನೆಗಳ ಗಂಡಸರು ತಮ್ಮ ಹೆಂಡತಿಯರಿಗೆ ಹೇಳುತ್ತಾರಂತೆ. ಆ ಹೆಂಗಸರು ನನ್ನನ್ನು ಎಷ್ಟು ಬೈದುಕೊಳ್ಳುತ್ತಾರೋ.

ನಾನಂತೂ ಯಾರನ್ನೂ ತಿದ್ದಲು ಹೋಗಿಲ್ಲ. ರಸ್ತೆಯ ನಡುವೆ ನಾನು ಕಿರುಚಿದ್ದು ಖುಷಿಗೆ ಎಂದು ಈಗ ಹೇಳಿದರೆ ಇವರಿಗೆ ಬೇಸರವಾದೀತು. ಅದೂ ಅಲ್ಲದೆ, ಎಂಜಿನ್ ಸರಿಹೋದ ದಿನ ಮೊದಲು ಓಡಿಸುವವರು ಯಾರು ಎಂಬ ಮಾತು ನಮ್ಮ ಮನೆಯಲ್ಲಿ ಇನ್ನೂ ಎದ್ದಿಲ್ಲ.