ಇಬ್ಬರೇ ಉಳಿದ ಪಕ್ಷ

ಇಟಲಿಯಲ್ಲಿ ಹುಟ್ಟಿ, ನೆಟ್ಟಗೆ ನಿಲ್ಲುವ ಮೊದಲೇ ಮುಚ್ಚಿಹೋದ ಒಂದು ರಾಜಕೀಯ ಪಕ್ಷಕ್ಕೆ ಈಗ ಜಗತ್ತಿನಲ್ಲಿ ಇಬ್ಬರೇ ಬೆಂಬಲಿಗರು. ಅವರಲ್ಲಿ ಒಬ್ಬರು ನಮ್ಮ ಮಾಮಾ!

ಮಾಮಾ ಧಾರವಾಡದವರು, ವಿಭೂತಿ ಹಚ್ಚದೆ ಚಹಾ ಮುಟ್ಟದವರು, ಈಗ ಕಡಲಾಚೆಯ ಬೋಲ್ಟನ್ ಊರಿನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವರು. ಪಕ್ಷವೋ, ಕ್ರೈಸ್ತ ಮೌಲ್ಯಗಳದ್ದು. ಎಡವೂ ಅಲ್ಲ, ಬಲವೂ ಅಲ್ಲ, ನಟ್ಟನಡುವೆ. ಎಲ್ಲಿಂದೆಲ್ಲಿಗೆ ನಂಟು? ಇಟಲಿಯಲ್ಲಿ ಇವರಿಗೆ ಓಟೂ ಇಲ್ಲ!

ಈ ಹುಚ್ಚು ಹಿಡಿಸಿದ್ದು ಅದೇ ಗೋದಾಮಿನಿಂದ ನಿವೃತ್ತರಾದ ಇಟಲಿಯ ಅಜ್ಜ. ಅಂದಿನಿಂದ ಮಾಮಾಗೆ ಎಲ್ಲದರಲ್ಲೂ ನಡುವೇ ಬೇಕು. ಹೈವೇಯಲ್ಲಿ ನಡುವಿನ ಲೇನ್ ಬಿಡುವುದಿಲ್ಲ. ಪಕ್ಕದ ಮಾಲ್ಟನ್ನಿನ ಮದುವೆಗೆ ಹೊರಟವರು ತಿರುವು ತಪ್ಪಿ ದೂರದ ಬರ್ಲಿಂಗ್ಟನ್ ನೋಡಿ ಬಂದೆವು, ಊಟ ಮುಗಿದಿತ್ತು. ಸಾರಿಗೆ ಬೆಲ್ಲ ಬೇಕೆಂದು ಅಮ್ಮ, ಬೇಡವೆಂದು ಅತ್ತೆ ಜಗಳಕ್ಕೆ ನಿಂತಾಗ ಇವರ ತೀರ್ಪು: "ಅರ್ಧಾ ಪಾತೇಲಿಗೆ ಹಾಕ್ರಿ!" ಅಂದು ಅಮ್ಮ, ಅತ್ತೆ ಒಂದಾದರು, ಮಾಮಾನ ವಿರುದ್ಧ.

ನಾನು ಕಾಲೇಜಿನಲ್ಲಿ ಡಿಬೇಟ್ ಕಪ್ ಗೆದ್ದವಳು. ಸುಮ್ಮನಿರುವುದು ಹೇಗೆ?

"ಮಾಮಾ, ಪಾರ್ಟಿ ಕ್ಲೋಸ್ ಆಗೇದ. ಲೀಡರ್ಸ್ ಅರ್ಧ ಲೆಫ್ಟಿಗೆ, ಅರ್ಧ ರೈಟಿಗೆ ಹೋದ್ರು. ನಿಮ್ಮ ಪೊಸಿಷನ್ ಏನು?"

"ನಡುವ."

"ನಡುವ ಏನೂ ಉಳದಿಲ್ಲಲ್ಲ!"

"ಉಳದೈತಿ. ರವಿವಾರ ಬಾ, ತೋರಸ್ತೀನಿ."

ತೋರಿಸಿದ್ದು ಇಟಲಿಯವರ ಕ್ಲಬ್ಬನ್ನು. ಕಿಟಕಿಯ ಬದಿ ನಾಲ್ವರು, ಗೋಡೆಯ ಬದಿ ನಾಲ್ವರು ಇಸ್ಪೀಟು ಆಡುತ್ತಿದ್ದರು. ನಡುವಿನ ಉದ್ದ ಟೇಬಲ್ಲಿನಲ್ಲಿ ಅಜ್ಜ ಒಬ್ಬರೇ. ಎರಡೂ ಬದಿಯವರು ಅವರನ್ನು ಕೈಬೀಸಿ ಕರೆಯುತ್ತಿದ್ದರು. ಹಿಂದೆ ಎಲ್ಲರೂ ಅದೇ ಟೇಬಲ್ಲಿನವರಂತೆ, ಅದೇ ಪಕ್ಷದವರಂತೆ. ಅಲ್ಲಿ ಇಟಲಿಯಲ್ಲಿ ಪಕ್ಷ ಒಡೆಯಿತು. ಇಲ್ಲಿ ಕುರ್ಚಿಗಳು ಎಡಕ್ಕಷ್ಟು, ಬಲಕ್ಕಷ್ಟು ಎದ್ದುಹೋದವು.

"ಎರಡೂ ಕಡೆಯವರು ಕರೀತಾರಲ್ಲ, ಒಂದು ಕಡೆ ಹೋಗಿ ಕೂಡ್ಲಿ!" ಎಂದೆ.

"ಏ ಹುಚ್ಚಿ, ಯಾ ಕಡೆ ಕುಂತರೂ ಇನ್ನೊಂದು ಕಡೆ ಇರೋರು ಅವನ ಗೆಳೆಯಾರs ಅಲ್ಲೇನು?" ಮಾಮಾ ದನಿ ತಗ್ಗಿಸಿದರು. "ಒಬ್ಬನs ಕುಂತ್ರ ಟೇಬಲ್ ಮಡಚಿ ಮೂಲಿಗೆ ಇಡ್ತಾರ. ಅದಕ್ಕs ನಾ ಬರ್ತೀನಿ. ಟೇಬಲ್ ಇಲ್ಲಂದ್ರ ಅವ್ರು ತಿರುಗಿ ಎಲ್ಲಿಗೆ ಬರಬೇಕು?"

ನನ್ನ ಬಳಿ ಪ್ರತಿವಾದಕ್ಕೆ ಮೂರು ಪಾಯಿಂಟುಗಳಿದ್ದವು. ಮೂರೂ ಸರಿಯಾಗಿಯೇ ಇದ್ದವು. ಕುರ್ಚಿ ಎಳೆದುಕೊಂಡು ಅಜ್ಜ, ಮಾಮಾರ ಜೊತೆ ನಡುವಿನ ಟೇಬಲ್ಲಿಗೇ ಕೂತೆ.

ಅಜ್ಜ ಏನೂ ಕೇಳದೆ ನನಗೂ ಎಲೆ ಹಂಚಿದರು. ಆಮೇಲೆ ನಾಲ್ಕನೆಯ ಪಾಲನ್ನು ಖಾಲಿ ಕುರ್ಚಿಯ ಮುಂದಿಟ್ಟು, ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡಿದರು.